ಬೈಸಿಕಲ್ಲಿಗೊಂದು ಗಜದ ದಾರಿ



ಈ ಹೊತ್ತು ನಾನು ತಮ್ಮೊಡನೆ ಆಡಬೇಕೆಂದಿರುವ ಮಾತು ದೊಡ್ಡ ವಿಷಯಕ್ಕೆ ಸಂಬಂಧಿಸಿದ್ದಲ್ಲ. ಒಂದು ಗಜದಷ್ಟು ಅಗಲದ ನೆಲಕ್ಕೆ ಸಂಬಂಧಿಸಿದ್ದು. ರಸ್ತೆಯ ಎರಡು ಪಕ್ಕಗಳಲ್ಲಿಯೂ ಡಾಂಬರು ಮುಗಿದು ಚರಂಡಿ ಮೊದಲಾಗುವುದಕ್ಕೆ ನಡುವೆ ಇರುವ, ಅಥವಾ ಇರಬೇಕಾಗಿದ್ದ, ಮಣ್ಣಿನ ಅಂಚು ಅದು. ಮೋಟಾರಿನಲ್ಲಿ ಹೋಗತಕ್ಕವರಿಗೆ ಈ ಅಂಚು ಕಣ್ಣಿಗೇ ಬೀಳುವುದಿಲ್ಲ. ಬೈಸಿಕಲ್ಲಿನಲ್ಲಿ ಹೋಗತಕ್ಕವನಿಗಾದರೋ ಅದರ ಹೊರತು ಬೇರೆ ಆಸರೆಯಿಲ್ಲ. ನಾನು ಬಹುಕಾಲ ಮೊದಲನೆಯ ಗುಂಪಿಗೆ ಸೇರಿದವನಾಗಿದ್ದೆನೆಂಬುದನ್ನು ಆರಂಭದಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಸಂಜೆ ನಾನು ಸಿದ್ದಾಪುರದ ಕಡೆಯಿಂದ ಪಾಲಿಬೆಟ್ಟಕ್ಕೆ ಹೋಗುತ್ತಿದ್ದೆ. ಮೋಟಾರು ನನ್ನದೇ, ಓಡಿಸುತ್ತಿದ್ದವನೂ ನಾನೇ. ಮಳೆ ಜೋರಾಗಿರಲಿಲ್ಲ, ಕೊಡಗಿನವರು ಲೆಕ್ಕಕ್ಕೆ ಹಿಡಿಯದಂಥ ಜಿಟಿಜಿಟಿ ಮಳೆ. ಎರಡು ಕಡೆಯಲ್ಲಿಯೂ ಕಾಫಿಯ ತೋಟ, ಬೇಲಿಯ ಮೇಲೆ ಹಬ್ಬಿದ ಲಂಟಾನ, ಮೇಲೆ ಸಿಲ್ವರ್ ಮರಗಳ ನೆರಳು. ಐದೂವರೆ ಗಂಟೆಗೇ ಕತ್ತಲೆ ಕವಿದಂತಿತ್ತು. ಒಂದು ತಿರುವಿನಲ್ಲಿ ಎದುರಿನಿಂದ ಲಾರಿ ಬಂತು; ನಾನು ಎಡಕ್ಕೆ ಸರಿದೆ. ಆ ಎಡದಲ್ಲಿ ಬೈಸಿಕಲ್ಲಿನ ಮೇಲೆ ಒಬ್ಬನಿದ್ದನೆಂಬುದು ನನಗೆ ತಿಳಿದದ್ದು, ಆತ ಅಲ್ಲಿ ಇಲ್ಲದೆ ಹೋದಮೇಲೆ. ಇಳಿದು ನೋಡಿದರೆ, ತೋಟವೊಂದರ ಕಾವಲುಗಾರ, ವಯಸ್ಸಾದವನು, ಮೊಣಕಾಲಿನವರೆಗೆ ಚರಂಡಿಯ ನೀರಿನಲ್ಲಿ ನಿಂತು ಬೈಸಿಕಲ್ಲನ್ನು ಮೇಲಕ್ಕೆತ್ತುತ್ತಿದ್ದಾನೆ. "ಏಟು ಬಿತ್ತೇನಪ್ಪ?" ಎಂದೆ. ಅವನು ಮುಂದಿನ ಚಕ್ರವನ್ನು ತಿರುಗಿಸಿ ನೋಡಿ, "ಪರವಾಗಿಲ್ಲ ಸಾರ್, ರಿಮ್ಮು ಸೊಟ್ಟಗಾಗಿಲ್ಲ" ಎಂದನು. ನಾನು ಕೇಳಿದ್ದು ಅವನ ವಿಚಾರ. ಅವನು ಹೇಳಿದ್ದು ಬೈಸಿಕಲ್ಲಿನ ವಿಚಾರ. ಅವನ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು.

ಆಮೇಲೆ ಆ ಸ್ಥಳವನ್ನು ಹಗಲಿನಲ್ಲಿ ಹೋಗಿ ನೋಡಿದೆನು. ನನ್ನ ತಪ್ಪನ್ನು ರಸ್ತೆಯ ಮೇಲೆ ಹೊರಿಸುವುದಕ್ಕೆ ಹೋದವನಲ್ಲ. ವೇಗವಾಗಿ ಹೋಗುತ್ತಿದ್ದವನು ನಾನು. ಅದಕ್ಕೆ ಹೊಣೆಯೂ ನಾನೇ. ಆದರೆ ಅಲ್ಲಿ ನೋಡಿದ್ದು ನನಗೆ ಹೊಸದೊಂದನ್ನು ಕಲಿಸಿತು. ಡಾಂಬರಿನ ಅಂಚು ಪಕ್ಕದ ಮಣ್ಣಿಗಿಂತ ಒಂದು ಗೇಣಿಗೆ ಸ್ವಲ್ಪ ಕಡಮೆ ಎತ್ತರವಾಗಿತ್ತು. ಅದರ ಆಚೆಗೆ ಎರಡು ಅಡಿ ಕೆಸರು, ಕೂಡಲೇ ಚರಂಡಿ. ಕಾವಲುಗಾರನು ಡಾಂಬರಿನ ಮೇಲೆಯೇ ಇದ್ದಿದ್ದರೆ ನನ್ನ ಗಾಡಿಗೆ ಸಿಕ್ಕುತ್ತಿದ್ದನು. ಕೆಳಕ್ಕಿಳಿದದ್ದರಿಂದ ಚರಂಡಿಗೆ ಬಿದ್ದನು. ಮೂರನೆಯ ಸ್ಥಳವೆಂಬುದು ಅವನಿಗಿರಲಿಲ್ಲ.

ಪಾಲಿಬೆಟ್ಟವನ್ನು ನೋಡಿಲ್ಲದವರಿಗೆ ಆ ಸೀಮೆಯ ವಿಚಾರವಾಗಿ ಎರಡು ಮಾತು ಹೇಳಬೇಕು. ದಕ್ಷಿಣ ಕೊಡಗಿನಲ್ಲಿ ಸಿದ್ದಾಪುರ, ಅಮ್ಮತ್ತಿ, ಗೋಣಿಕೊಪ್ಪ, ತಿತಿಮತಿ ಇವುಗಳ ನಡುವೆ ಇರುವ ಸಣ್ಣ ಊರು ಅದು. ಊರು ಸಣ್ಣದಾದರೂ ಕಾಫಿಯ ಲೋಕದಲ್ಲಿ ಅದರ ಹೆಸರು ಸಣ್ಣದಲ್ಲ. ಟಾಟಾ ಕಾಫಿ ಕಂಪನಿಯು 2024ರಲ್ಲಿ ಅದೇ ಮನೆತನದ ಇನ್ನೊಂದು ಕಂಪನಿಯಲ್ಲಿ ಲೀನವಾಗುವವರೆಗೆ ಅದರ ನೋಂದಾಯಿತ ಕಛೇರಿಯ ವಿಳಾಸ ಪಾಲಿಬೆಟ್ಟವೇ ಆಗಿತ್ತು. ಮಡಿಕೇರಿಯ ಸುತ್ತಿನಂತೆ ಇಲ್ಲಿ ಕಡಿದಾದ ಘಟ್ಟಗಳಿಲ್ಲ. ಉಬ್ಬು ತಗ್ಗುಗಳಿಂದ ಕೂಡಿದ, ತುಳಿದು ಏರಬಹುದಾದ ನೆಲ. ಏರಲಾರದ ಕಡೆ ಇಳಿದು ತಳ್ಳಿಕೊಂಡು ಹೋದರೆ ಆಯಿತು. ಹೀಗಾಗಿ ಕೊಡಗಿನಲ್ಲಿ ಬೈಸಿಕಲ್ಲಿಗೆ ಹೇಳಿ ಮಾಡಿಸಿದ ಪ್ರದೇಶವೊಂದಿದ್ದರೆ ಅದು ಈ ಕಡೆಯೇ. ನನ್ನ ಬಾಲ್ಯದಲ್ಲಿ ಮೀನಿನವನು ಬರುತ್ತಿದ್ದುದು ಬೈಸಿಕಲ್ಲಿನಲ್ಲಿ. ಟಪ್ಪಾಲಿನವನು ಬರುತ್ತಿದ್ದುದು ಬೈಸಿಕಲ್ಲಿನಲ್ಲಿ. ತೋಟದ ರೈಟರು ಸಂತೆಗೆ ಹೋಗುತ್ತಿದ್ದುದೂ ಬೈಸಿಕಲ್ಲಿನಲ್ಲಿಯೇ. ಇವರು ಈಗ ಮೋಟಾರುಸೈಕಲ್ಲಿಗೆ ಏರಿದ್ದಾರೆ. ಏರಲಾರದೆ ಉಳಿದವರು ಲೈನುಮನೆಗಳ ಜನ, ಕಾವಲುಗಾರರು, ಹೈಸ್ಕೂಲಿನ ಹುಡುಗರು ಹುಡುಗಿಯರು.

ಇನ್ನೊಂದು ಸಂಗತಿ: ಕೊಡಗು ಜಿಲ್ಲೆಯಲ್ಲಿ ರೈಲಿಲ್ಲ. ಕಾಫಿಯ ಮೂಟೆ, ಮರದ ದಿಮ್ಮಿ, ಗೊಬ್ಬರ, ಅಕ್ಕಿ, ಬಸ್ಸಿನ ಜನ, ಶನಿವಾರ ಭಾನುವಾರಗಳಲ್ಲಿ ಬೆಂಗಳೂರು ಮೈಸೂರುಗಳಿಂದ ಹೋಂಸ್ಟೇಗಳಿಗೆಂದು ಬರುವ ಮೋಟಾರುಗಳ ಸಾಲು, ಇವೆಲ್ಲವೂ ಒಂದೇ ರಸ್ತೆಯಲ್ಲಿ ಹೋಗತಕ್ಕದ್ದು. ಆ ರಸ್ತೆಯಾದರೂ ಎತ್ತಿನ ಗಾಡಿಯ ಜಾಡನ್ನೇ ಹಿಡಿದು ತೋಟಗಳ ನಡುವೆ ಸುತ್ತಿಕೊಂಡು ಹೋಗುವಂಥದು. ಗಾಡಿಯ ಎತ್ತಿಗೆ ತಿರುವು ಒಂದು ತೊಂದರೆಯಾಗಿರಲಿಲ್ಲ.

ಬೈಸಿಕಲ್ಲಿನ ಚರಿತ್ರೆಯನ್ನು ಸ್ವಲ್ಪ ತಿರುವಿಹಾಕಿದರೆ ಒಂದು ವಿನೋದ ಕಾಣುತ್ತದೆ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇದ್ದ ಹಳೆಯ ಯಂತ್ರದಿಂದ ಬಿದ್ದವರು ತಲೆಯೊಡೆದುಕೊಳ್ಳುತ್ತಿದ್ದರು. 1885ರಲ್ಲಿ ಇಂಗ್ಲೆಂಡಿನ ಜೆ. ಕೆ. ಸ್ಟಾರ್ಲಿ ಎಂಬುವನು ಎರಡು ಚಕ್ರಗಳನ್ನೂ ಹೆಚ್ಚುಕಡಮೆ ಸಮನಾಗಿ ಮಾಡಿ, ಹಿಂದಿನ ಚಕ್ರಕ್ಕೆ ಚೈನು ಹಾಕಿ, 'ರೋವರ್' ಎಂಬ ಗಾಡಿಯನ್ನು ಹೊರತಂದನು. ಅದಕ್ಕೆ ಬಂದ ಹೆಸರು 'ಸೇಫ್ಟಿ ಬೈಸಿಕಲ್', ಎಂದರೆ ಅಪಾಯವಿಲ್ಲದ ಬೈಸಿಕಲ್ಲು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟಯರನ್ನು ಕೊಟ್ಟನು. ನಾವು ಈ ಹೊತ್ತಿಗೂ ತುಳಿಯುವುದು ಅದೇ ಗಾಡಿಯನ್ನೇ. ಅಪಾಯವು ಯಂತ್ರದಿಂದ ಹೋಯಿತು, ರಸ್ತೆಗೆ ಬಂತು. ಒಳ್ಳೆಯ ರಸ್ತೆಗಳು ಬೇಕೆಂದು ಮೊದಮೊದಲು ಗಟ್ಟಿಯಾಗಿ ಕೂಗಿದವರಲ್ಲಿ ಬೈಸಿಕಲ್ಲಿನವರೇ ಮುಂದಾಗಿದ್ದರು. ಅಮೆರಿಕದಲ್ಲಿ 1880ರಲ್ಲಿ ಹುಟ್ಟಿದ ಚಕ್ರಸವಾರರ ಸಂಘವೇ ಅಲ್ಲಿಯ ಉತ್ತಮ ರಸ್ತೆಗಳ ಚಳವಳಿಗೆ ಮೂಲ. ಮೋಟಾರುಗಳು ಆಮೇಲೆ ಬಂದು ಆ ರಸ್ತೆಗಳನ್ನು ತಮ್ಮದಾಗಿ ಮಾಡಿಕೊಂಡವು. ಕೇಳಿ ಪಡೆದವನು ಈಗ ಚರಂಡಿಯ ಪಕ್ಕದಲ್ಲಿದ್ದಾನೆ.

ನಮ್ಮ ದೇಶದಲ್ಲಿ 2022ನೆಯ ಇಸವಿಯೊಂದರಲ್ಲಿಯೇ ರಸ್ತೆಯ ಅಪಘಾತಗಳಿಂದ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಬೈಸಿಕಲ್ಲಿನವರು 4,800ಕ್ಕೆ ಮೇಲ್ಪಟ್ಟು. ನೂರಕ್ಕೆ ಮೂರರೊಳಗಿನ ಲೆಕ್ಕವಾದುದರಿಂದ ಇದು ಯಾರ ಗಮನವನ್ನೂ ಸೆಳೆಯುವುದಿಲ್ಲ. ಚರಂಡಿಗೆ ಬಿದ್ದು ಎದ್ದುಹೋದವರು ಯಾವ ವರದಿಗೂ ಸೇರುವುದಿಲ್ಲವೆಂಬುದನ್ನಂತೂ ನಾನು ಸ್ವಾನುಭವದಿಂದ ಬಲ್ಲೆ.

ಈಗ ಮುಖ್ಯವಾದ ಪ್ರಶ್ನೆಗೆ ಬರುತ್ತೇನೆ. ಬೈಸಿಕಲ್ಲಿಗೆ ಬೇರೆ ದಾರಿಯನ್ನೇ ಮಾಡಿಕೊಡಬಾರದೇಕೆ? ಪಟ್ಟಣದಲ್ಲಿ ಓದಿದ ನಮಗೆ ಮೊದಲು ಹೊಳೆಯುವುದು ಇದೇ. ಹಾಲೆಂಡಿನ ಚಿತ್ರಗಳನ್ನು ನಾವೆಲ್ಲರೂ ನೋಡಿದ್ದೇವೆ. ಆ ದೇಶವು ಹುಟ್ಟಿನಿಂದಲೇ ಹಾಗಿತ್ತೆಂದು ತಿಳಿಯತಕ್ಕದ್ದಲ್ಲ. 1971ರಲ್ಲಿ ಅಲ್ಲಿ ಸುಮಾರು 3,300 ಮಂದಿ ರಸ್ತೆಗಳಲ್ಲಿ ಸತ್ತರು. ಅವರಲ್ಲಿ ನಾನೂರಕ್ಕೆ ಮೇಲ್ಪಟ್ಟು ಮಕ್ಕಳು. 'ಮಕ್ಕಳ ಕೊಲೆಯನ್ನು ನಿಲ್ಲಿಸಿ' ಎಂಬ ಅರ್ಥದ ಹೆಸರನ್ನಿಟ್ಟುಕೊಂಡು ತಂದೆತಾಯಿಗಳು ಬೀದಿಗಿಳಿದರು. 1973ರಲ್ಲಿ ಎಣ್ಣೆಯ ಅಭಾವವೂ ಸೇರಿಕೊಂಡಿತು. ಇಂದು ಕಾಣುವ ದಾರಿಗಳ ಜಾಲವು ಬಹುಮಟ್ಟಿಗೆ ಅದರ ಫಲ. ಇದು ಸಂತೋಷದ ಕಥೆ. ಆದರೆ ನಮ್ಮಲ್ಲಿಯೂ ಪ್ರಯೋಗಗಳು ನಡೆದಿವೆಯಷ್ಟೆ. ಅವುಗಳ ಗತಿಯನ್ನೂ ನೋಡಬೇಕು. ಬೆಂಗಳೂರಿನ ಜಯನಗರದಲ್ಲಿ 2012ರಲ್ಲಿ ಬೈಸಿಕಲ್ ಪಥಗಳನ್ನು ತೆರೆದರು. ಬಹುಬೇಗನೆ ಅವು ಮೋಟಾರುಗಳನ್ನು ನಿಲ್ಲಿಸುವುದಕ್ಕೆ ಅನುಕೂಲವಾದ ಸ್ಥಳಗಳಾದವು. 2020ರಲ್ಲಿ ಅದೇ ನಗರದ ಹೊರವರ್ತುಲ ರಸ್ತೆಯಲ್ಲಿ ಗೂಟಗಳನ್ನು ನೆಟ್ಟು ಪಥವೊಂದನ್ನು ಬೇರ್ಪಡಿಸಿದರು; ಮೆಟ್ರೋ ರೈಲಿನ ಕಾಮಗಾರಿ ಬಂದಮೇಲೆ ಅದು ನಿಲ್ಲಲಿಲ್ಲ. ನಮ್ಮ ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ 'ಟ್ರಿಣ್ ಟ್ರಿಣ್' ಎಂಬ ಹೆಸರಿನಿಂದ ಸುಮಾರು 450 ಬೈಸಿಕಲ್ಲುಗಳನ್ನು 48 ನಿಲ್ದಾಣಗಳಲ್ಲಿ ಬಾಡಿಗೆಗೆ ಇಟ್ಟಾಗ ನಾನೂ ಒಂದನ್ನು ತೆಗೆದುಕೊಂಡು ಅಡ್ಡಾಡಿ ಮೊಣಕಾಲು ಹಿಡಿಸಿಕೊಂಡೆನು. ಗಾಡಿ ಚೆನ್ನಾಗಿತ್ತು. ಅದು ಓಡತಕ್ಕ ದಾರಿ ಮಾತ್ರ ಮೊದಲಿನ ದಾರಿಯೇ.

ಪಾಲಿಬೆಟ್ಟಕ್ಕೆ ಬೇರೆ ಪಥವನ್ನು ಕೇಳಿದರೆ ಏನಾಗುತ್ತದೆ? ಎಂಜಿನಿಯರು ಪುಸ್ತಕವನ್ನು ತೆರೆಯುತ್ತಾನೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನವರು 1962ರಲ್ಲಿ ಬೈಸಿಕಲ್ ಪಥಗಳ ವಿಚಾರವಾಗಿ ಕೊಟ್ಟ ಸೂಚನೆಗಳಲ್ಲಿ ಒಂದು ಅಳತೆಗೋಲಿದೆ: ಜನಸಂದಣಿಯ ಒಂದು ಗಂಟೆಯಲ್ಲಿ 100ರಿಂದ 200 ಮೋಟಾರುಗಳು ಓಡಾಡುವ ಕಡೆ 400 ಬೈಸಿಕಲ್ಲುಗಳಿದ್ದರೆ ಬೇರೆ ಪಥ ಹಾಕಬಹುದು, ಮೋಟಾರುಗಳು 200ನ್ನು ಮೀರಿದರೆ 100 ಬೈಸಿಕಲ್ಲುಗಳಿದ್ದರೂ ಸಾಕು. ಊರಿನ ಬೈಸಿಕಲ್ಲುಗಳನ್ನೆಲ್ಲ ಒಂದೇ ಗಂಟೆಯಲ್ಲಿ ರಸ್ತೆಗೆ ತಂದರೂ ಪಾಲಿಬೆಟ್ಟದಂಥ ಸ್ಥಳವು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಲಾರದು. ಅಳತೆಗೋಲು ತಪ್ಪೆಂದು ನಾನು ಹೇಳುವುದಿಲ್ಲ. ಅದು ಪಟ್ಟಣಕ್ಕಾಗಿ ಮಾಡಿದ್ದು. ಆದರೆ ಅದರಲ್ಲಿ ಒಂದು ತೊಡಕಿದೆ. ರಸ್ತೆಯು ಅಪಾಯಕರವಾದಷ್ಟೂ ಬೈಸಿಕಲ್ಲುಗಳು ಕಡಮೆಯಾಗುತ್ತವೆ. ಬೈಸಿಕಲ್ಲುಗಳು ಕಡಮೆಯಾದಷ್ಟೂ ಪಥ ಬೇಡವೆಂದು ಪುಸ್ತಕ ಹೇಳುತ್ತದೆ. ಹೊಳೆಗೆ ಸೇತುವೆ ಬೇಕೇ ಎಂದು ತಿಳಿಯುವುದಕ್ಕೆ ಈಜಿಕೊಂಡು ದಾಟುವವರನ್ನು ಎಣಿಸಿದಂತೆ ಇದು.

ಹೀಗೆ ಎಣಿಕೆಗೆ ಸಿಕ್ಕದೆ ಹೋದವರು ಯಾರೆಂಬುದನ್ನು ಹೇಳುತ್ತೇನೆ. 2006-07ರಲ್ಲಿ ನಮ್ಮ ರಾಜ್ಯದ ಸರ್ಕಾರದವರು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಧರ್ಮವಾಗಿ ಕೊಡುವ ಏರ್ಪಾಡನ್ನು ಆರಂಭಿಸಿದರು. ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ. ಹಾಸ್ಟೆಲಿನಲ್ಲಿರುವವರಿಗೂ ಬಸ್ಸಿನ ಪಾಸುಳ್ಳವರಿಗೂ ಇಲ್ಲ. ಸರ್ಕಾರಿ ಮತ್ತು ಸಹಾಯಧನದ ಶಾಲೆಗಳ ಮಿಕ್ಕ ಮಕ್ಕಳಿಗೆ ಉಂಟು. 2020ರ ಮಹಾಮಾರಿಯ ಕಾಲದಲ್ಲಿ ಅದು ನಿಂತಿತು. ಹದಿಮೂರು ವರ್ಷಗಳ ಕಾಲ ನಡೆದ ಆ ಕಾರ್ಯಕ್ಕಿಂತ ಮಿಗಿಲಾಗಿ ಹಳ್ಳಿಯ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ತಂದದ್ದು ಯಾವುದಿದೆಯೋ ನಾನರಿಯೆ. ಬಯಲುಸೀಮೆಯಲ್ಲಿ ಸಾಲುಸಾಲಾಗಿ ಜಡೆಯ ಹುಡುಗಿಯರು ಬೈಸಿಕಲ್ಲು ತುಳಿದುಕೊಂಡು ಹೋಗುವುದನ್ನು ಕಂಡವರು ಆ ದೃಶ್ಯವನ್ನು ಮರೆಯಲಾರರು. ಪಾಲಿಬೆಟ್ಟದ ಹತ್ತಿರ ಒಂದು ಲೈನುಮನೆಯ ಜಗಲಿಯಲ್ಲಿ ಅದೇ ಬೈಸಿಕಲ್ಲನ್ನು ನಾನು ಕಂಡೆ. ಅದರ ಹ್ಯಾಂಡಲಿನ ಮೇಲೆ ಒಗೆದ ಬಟ್ಟೆ ಒಣಗುತ್ತಿತ್ತು. ಮಗಳು ಏಕೆ ತುಳಿಯುವುದಿಲ್ಲವೆಂದು ಆ ತಾಯಿಯನ್ನು ಕೇಳಿದೆನು. "ರಸ್ತೆಗೆ ಬಿಟ್ಟರೆ ಲಾರಿ, ತೋಟದೊಳಗೆ ಬಿಟ್ಟರೆ ಆನೆ, ಎಲ್ಲಿ ಬಿಡಲಿ ಅಣ್ಣಾ?" ಎಂದಳು. ಹುಡುಗಿ ನಡೆದು ಹೋಗುತ್ತಿದ್ದಳು. ಮಳೆಗಾಲದಲ್ಲಿ ಅನೇಕ ದಿನ ಹೋಗುತ್ತಿರಲಿಲ್ಲ.

ಆನೆಯ ಮಾತು ಬಂತು. ಪಟ್ಟಣದ ಶ್ರೋತೃಗಳು ಇದನ್ನು ಅತಿಶಯೋಕ್ತಿಯೆಂದು ಎಣಿಸಬಾರದು. ಸಿದ್ದಾಪುರ, ಮಾಲ್ದಾರೆ, ಚೆನ್ನಂಗಿ, ಪಾಲಿಬೆಟ್ಟ, ತಿತಿಮತಿ ಈ ಸುತ್ತಿನ ತೋಟಗಳಲ್ಲಿ ಕಾಡಾನೆಗಳು ಬಂದು ಹೋಗುವುದು ಮಾತ್ರವಲ್ಲ, ಕೆಲವು ಅಲ್ಲಿಯೇ ಬಿಡಾರ ಹೂಡುತ್ತವೆ. ನೆರಳಿದೆ, ಕೆರೆಯಿದೆ, ಹಲಸಿನ ಹಣ್ಣಿದೆ. ಕಾಡಿನಲ್ಲಿ ಇದಕ್ಕಿಂತ ಹೆಚ್ಚಿನದೇನು? ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಕೂಲಿಗಳು ಆನೆಯ ಕಾಲಿಗೆ ಸಿಕ್ಕಿ ಸತ್ತ ಸುದ್ದಿ ಆ ಸೀಮೆಯಲ್ಲಿ ವರ್ಷವರ್ಷವೂ ಕೇಳಿಬರುವಂಥದು. ಅರಣ್ಯ ಇಲಾಖೆಯವರು ಆನೆ ಎಲ್ಲಿದೆಯೆಂಬ ಸುದ್ದಿಯನ್ನು ಮೊಬೈಲಿನ ಮೂಲಕ ತಿಳಿಸುತ್ತಾರೆ, ಓಡಿಸುವ ತಂಡಗಳನ್ನು ಇಟ್ಟಿದ್ದಾರೆ. ಬೈಸಿಕಲ್ಲಿನ ವಿಚಾರದಲ್ಲಿ ಇಲ್ಲೊಂದು ವಿಶೇಷವಿದೆ. ಆನೆಯೂ ಸದ್ದಿಲ್ಲದೆ ನಡೆಯುವ ಪ್ರಾಣಿ. ಬೈಸಿಕಲ್ಲೂ ಸದ್ದಿಲ್ಲದ ಗಾಡಿ. ಮೋಟಾರಿನ ಶಬ್ದವನ್ನು ಕೇಳಿ ಆನೆ ಸರಿದು ನಿಲ್ಲಬಹುದು. ಬೈಸಿಕಲ್ಲಿನವನು ತಿರುವಿನಲ್ಲಿ ಅದರ ಕಾಲಬುಡಕ್ಕೇ ಹೋಗಿ ನಿಲ್ಲುತ್ತಾನೆ. ಆಗ ಬೆಚ್ಚಿಬೀಳುವವರು ಇಬ್ಬರು, ಸಾಯತಕ್ಕವನು ಒಬ್ಬನು. ಆ ಕಡೆಯ ಹಳಬರು ತಿರುವು ಬಂದಾಗಲೆಲ್ಲ ಬೆಲ್ಲು ಬಾರಿಸುತ್ತಿದ್ದುದು, ಅಥವಾ ಗಟ್ಟಿಯಾಗಿ ಯಾರನ್ನೋ ಕೂಗುತ್ತಿದ್ದುದು, ಮನುಷ್ಯರಿಗಾಗಿ ಮಾತ್ರವಲ್ಲ. ಅವರಲ್ಲಿ ಒಬ್ಬರಿಂದ ನಾನು ಕಲಿತ ನಿಯಮವೊಂದುಂಟು: ಎಲೆಯ ಹಸುರನ್ನೂ ಮಣ್ಣಿನ ಕೆಂಪನ್ನೂ ಬೇರೆಬೇರೆಯಾಗಿ ಗುರುತಿಸುವಷ್ಟು ಬೆಳಕಾಗುವವರೆಗೆ ಬೈಸಿಕಲ್ಲನ್ನು ಹೊರಕ್ಕೆ ತೆಗೆಯಕೂಡದು.

ಹಾಗಾದರೆ ಮಾಡತಕ್ಕದ್ದೇನು? ಬೇರೆ ಪಥ ದೊರೆಯದು. ದೊರೆತರೂ ತೋಟದ ನೆಲವನ್ನು ಕೊಳ್ಳುವುದರೊಳಗೆ ಆ ಹುಡುಗಿ ಅಜ್ಜಿಯಾಗುತ್ತಾಳೆ. ಇರುವ ರಸ್ತೆಯ ಅಂಚನ್ನೇ ದಾರಿಯಾಗಿ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಎಡಕ್ಕೊಂದು ಗಜ, ಬಲಕ್ಕೊಂದು ಗಜ.

ಇದರ ಮರ್ಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರನ್ನು ಹಾಕಿದಾಗಲೆಲ್ಲ ರಸ್ತೆಯ ಮೈ ಎರಡು ಮೂರು ಬೆರಳಿನಷ್ಟು ಮೇಲೇಳುತ್ತದೆ. ಪಕ್ಕದ ಮಣ್ಣು ಏಳುವುದಿಲ್ಲ. ಮಳೆಗೆ ಕೊಚ್ಚಿಹೋಗಿ ಇನ್ನೂ ತಗ್ಗುತ್ತದೆ. ನಾಲ್ಕಾರು ಸಲ ಹೀಗಾದರೆ ಅಂಚು ಒಂದು ಮೆಟ್ಟಿಲಾಗುತ್ತದೆ. ಹಿಂದಿನಿಂದ ಲಾರಿ ಹಾರನ್ ಮಾಡಿತೆಂದು ಬೈಸಿಕಲ್ಲಿನವನು ಕೆಳಕ್ಕೆ ಇಳಿಯುತ್ತಾನೆ. ಇಳಿಯುವುದು ಕಷ್ಟವಲ್ಲ. ಲಾರಿ ಹೋದಮೇಲೆ ಮತ್ತೆ ಮೇಲಕ್ಕೆ ಬರಬೇಕಷ್ಟೆ. ಆಗ ಮುಂದಿನ ಚಕ್ರವು ಮೆಟ್ಟಿಲಿನ ಗೋಡೆಯನ್ನು ಉಜ್ಜಿಕೊಂಡೇ ಓಡುತ್ತದೆ, ಹತ್ತುವುದಿಲ್ಲ. ಹ್ಯಾಂಡಲನ್ನು ಎಷ್ಟು ತಿರುಗಿಸಿದರೂ ಗಾಡಿ ತಿರುಗದು. ಎರಡು ಚಕ್ರದ ಗಾಡಿ ನೆಟ್ಟಗೆ ನಿಲ್ಲುವುದು ಮುಂದಿನ ಚಕ್ರವನ್ನು ಸ್ವಲ್ಪಸ್ವಲ್ಪವಾಗಿ ಅತ್ತಿತ್ತ ತಿರುಗಿಸುವುದರಿಂದಲೇ. ಅದು ನಿಂತಿತೆಂದರೆ ಸವಾರನು ಬೀಳುವುದು ನಿಶ್ಚಯ. ಎತ್ತ ಬೀಳುತ್ತಾನೆ? ಹತ್ತುವುದಕ್ಕಾಗಿ ಬಾಗಿದ್ದ ಕಡೆಗೆ, ಎಂದರೆ ರಸ್ತೆಯ ನಡುವಿಗೆ, ಲಾರಿಯ ಹಿಂದೆ ಬರುತ್ತಿರುವ ಗಾಡಿಯ ಮುಂದಕ್ಕೆ. "ಇದ್ದಕ್ಕಿದ್ದಂತೆ ಅಡ್ಡ ಬಂದ" ಎಂದು ಮೋಟಾರಿನವನು ಹೇಳುವುದು ಅನೇಕ ವೇಳೆ ಸುಳ್ಳಲ್ಲ. ಅಡ್ಡ ತಂದದ್ದು ಯಾವುದೆಂಬುದು ಅವನಿಗೆ ತಿಳಿಯದು, ಅಷ್ಟೆ.

ಈ ಮೆಟ್ಟಿಲನ್ನು ತೆಗೆಯುವುದಕ್ಕೆ ಬೇಕಾದದ್ದು ಜಲ್ಲಿ ಬೆರೆತ ಕೆಂಪು ಮಣ್ಣು, ಒಂದು ರೋಲರು, ಕೆಲವು ದಿನದ ಕೆಲಸ. ಡಾಂಬರಿನ ಮಟ್ಟಕ್ಕೆ ಮಣ್ಣನ್ನು ತುಂಬಿ, ಚರಂಡಿಯ ಕಡೆಗೆ ಸ್ವಲ್ಪ ಓಟ ಕೊಟ್ಟು, ಗಟ್ಟಿಸಬೇಕು. ಓಟ ಕೊಡದಿದ್ದರೆ ನೀರು ನಿಂತು ಮೊದಲ ಮಳೆಗಾಲದಲ್ಲಿಯೇ ಕೆಸರಾಗುತ್ತದೆ. ಕಾಲವನ್ನೂ ನೋಡಿಕೊಳ್ಳಬೇಕು. ಒಣ ಮಣ್ಣು ಕೂಡಿಕೊಳ್ಳುವುದಿಲ್ಲ. ಕೆಸರು ಮಣ್ಣು ನಿಲ್ಲುವುದಿಲ್ಲ. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಕಾಫಿಯ ಹೂಮಳೆ ಬಿದ್ದು ನೆಲ ಹದವಾಗಿರುವಾಗ, ಮುಂಗಾರು ಹಿಡಿಯುವುದಕ್ಕೆ ಮೊದಲು, ಈ ಕೆಲಸ ನಡೆಯಬೇಕು. ಡಾಂಬರು ಹಾಕುವ ಗುತ್ತಿಗೆಯಲ್ಲಿಯೇ ಅಂಚಿನ ಕೆಲಸವನ್ನೂ ಸೇರಿಸಿ, ಅದು ಮುಗಿಯದೆ ಹಣ ಕೊಡಕೂಡದೆಂದು ಕಟ್ಟು ಮಾಡುವುದು ಲೋಕೋಪಯೋಗಿ ಇಲಾಖೆಯವರಿಗೆ ಅಸಾಧ್ಯವಲ್ಲ. ಅಂಚನ್ನು ತೋರಿಸುವ ಬಿಳಿಯ ಗೆರೆಯೊಂದನ್ನು ಎಳೆದರಂತೂ ಮಂಜಿನಲ್ಲಿ ಮೋಟಾರಿನವನಿಗೂ ಅದೇ ಕಣ್ಣು. ಮೋರಿಗಳ ಹತ್ತಿರ ರಸ್ತೆ ಒಮ್ಮೆಲೆ ಕಿರಿದಾಗುವ ಸ್ಥಳಗಳಿವೆ. ಅಲ್ಲಿ ಮೋರಿಯ ಗೋಡೆಯನ್ನೇ ಒಂದು ಗಜ ಹಿಂದಕ್ಕೆ ಕಟ್ಟಬೇಕಾದೀತು. ಅದಕ್ಕೆ ಸ್ವಲ್ಪ ಹಣ ಬೇಕು.

ಎರಡನೆಯದು ತೋಟಗಾರರ ಕೈಯಲ್ಲಿದೆ. ಬೇಲಿಯ ಲಂಟಾನ ಮಳೆಗಾಲ ಕಳೆಯುವ ಹೊತ್ತಿಗೆ ಅಂಚನ್ನು ಪೂರ್ತಿಯಾಗಿ ನುಂಗಿರುತ್ತದೆ. ಮುಂಗಾರಿಗೆ ಮೊದಲು ನೆರಳಿನ ಮರಗಳ ಕಪಾತನ್ನು ಮಾಡಿಸುವ ದಣಿಗಳು ಅದೇ ಆಳುಗಳಿಂದ ರಸ್ತೆಯ ಬದಿಯ ಬೇಲಿಯನ್ನೂ ಸವರಿಸಿದರೆ, ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಸವರಿಸಿದರೆ, ತಿರುವುಗಳಲ್ಲಿ ನೋಟ ತೆರೆಯುತ್ತದೆ. ಬರುವ ಲಾರಿಯೂ ಕಾಣುತ್ತದೆ, ನಿಂತ ಆನೆಯೂ ಕಾಣುತ್ತದೆ. ತೋಟಗಳ ಒಳದಾರಿಗಳ ಮಾತೂ ಹೀಗೆಯೇ. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುವ ಮಣ್ಣಿನ ದಾರಿಗಳು ಆ ಸೀಮೆಯಲ್ಲಿ ಬೇಕಾದಷ್ಟಿವೆ, ಗೇಟುಗಳೂ ಬೇಕಾದಷ್ಟಿವೆ. ಶಾಲೆಯ ಹೊತ್ತಿನಲ್ಲಿ, ಹಗಲು ಬೆಳಕಿನಲ್ಲಿ, ಮಕ್ಕಳು ಗುಂಪಾಗಿ ಹೋಗುವುದಾದರೆ ಗೇಟನ್ನು ತೆರೆಯುವುದಕ್ಕೆ ದಣಿಗಳಲ್ಲಿ ಕೆಲವರಾದರೂ ಒಪ್ಪುವರೆಂದು ನಾನು ನಂಬಿದ್ದೇನೆ. ಕಾಫಿಯ ಕಳವಿನ ಭಯ ಅವರಿಗಿದೆ. ಕೊಯ್ಲಿನ ಕಾಲದಲ್ಲಿ ಆ ಭಯ ಸುಳ್ಳೂ ಅಲ್ಲ. ಆನೆಯಿರುವ ದಿನ ಈ ದಾರಿಯನ್ನು ಮುಚ್ಚಲೇಬೇಕು. ಆದುದರಿಂದ ಇದನ್ನು ಇಡೀ ವರ್ಷದ ದಾರಿಯೆಂದು ಹೇಳಲಾರೆನು. ಅಂಚೇ ಮುಖ್ಯ, ಇದು ಅದಕ್ಕೆ ಒತ್ತಾಸೆ.

ಮೂರನೆಯದು ನಮ್ಮ ಕಾಲಿನ ಕೆಳಗಿದೆ, ಎಂದರೆ ಮೋಟಾರನ್ನು ಓಡಿಸುವವರ ಕಾಲಿನ ಕೆಳಗೆ. ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಹೋಗುವ ಗಾಡಿ ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತದೆ. ಎದುರಿಗೆ ಇರುವುದನ್ನು ಕಂಡು ಬ್ರೇಕನ್ನು ತುಳಿಯುವುದಕ್ಕೆ ಒಂದು ಸೆಕೆಂಡನ್ನು ಕೊಟ್ಟರೂ, ಒದ್ದೆಯಾದ ರಸ್ತೆಯಲ್ಲಿ ಅದು ನಿಲ್ಲುವುದಕ್ಕೆ ಒಟ್ಟು 50 ಮೀಟರು ಬೇಕು. 30 ಕಿಲೋಮೀಟರಿನ ವೇಗವಾದರೆ 17 ಮೀಟರು ಸಾಕು. ವೇಗ ಅರ್ಧವಾದರೆ ದೂರವು ಅರ್ಧವಾಗುವುದಿಲ್ಲ, ಮೂರರಲ್ಲೊಂದು ಪಾಲಾಗುತ್ತದೆ. ಪಾಲಿಬೆಟ್ಟದ ಸುತ್ತಿನ ಅನೇಕ ತಿರುವುಗಳಲ್ಲಿ 50 ಮೀಟರಿನಷ್ಟು ಮುಂದೆ ಕಾಣುವುದೇ ಇಲ್ಲ. ಕಾಣದ ಕಡೆಗೆ ನಿಲ್ಲಲಾರದ ವೇಗದಲ್ಲಿ ಹೋಗುವುದೆಂದರೆ ಕಣ್ಣು ಕಟ್ಟಿಕೊಂಡು ಹೋದಂತೆಯೇ. ಆ ಸಂಜೆ ನಾನು ಹೋದದ್ದು ಹಾಗೆ. ಸ್ಪೇನಿನಲ್ಲಿಯೂ ಫ್ರಾನ್ಸಿನಲ್ಲಿಯೂ ಊರಾಚೆಯ ರಸ್ತೆಗಳಲ್ಲಿ ಬೈಸಿಕಲ್ಲನ್ನು ದಾಟುವ ಮೋಟಾರು ಒಂದೂವರೆ ಮೀಟರು ದೂರ ಬಿಟ್ಟು ದಾಟಬೇಕೆಂದು ಕಾನೂನಿದೆ. ಅಷ್ಟು ಸ್ಥಳವಿಲ್ಲದಿದ್ದರೆ? ಹಿಂದೆ ನಿಧಾನವಾಗಿ ಬರಬೇಕು. ನಮ್ಮ ಮೋಟಾರು ವಾಹನಗಳ ಕಾನೂನಿಗೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಯಂತ್ರವಿಲ್ಲದ ಗಾಡಿಗಳ ಮತ್ತು ನಡೆಯುವವರ ವಿಚಾರವಾಗಿ ರಾಜ್ಯ ಸರ್ಕಾರಗಳು ನಿಯಮಗಳನ್ನು ಮಾಡಬಹುದೆಂಬ ಅಧಿಕಾರ ಸೇರಿದೆ. ದಾಟುವ ದೂರವನ್ನು ಇಂಥ ನಿಯಮದಲ್ಲಿ ಬರೆದಿಡುವುದು ಸಾಧ್ಯ.

ಬೈಸಿಕಲ್ಲಿನವನ ಕರ್ತವ್ಯವೇನೂ ಇಲ್ಲವೇ ಎಂದು ಕೇಳುವಿರಿ. ಉಂಟು. ಹಿಂದಿನ ಕಾಲದಲ್ಲಿ ನಮ್ಮ ಊರುಗಳಲ್ಲಿ ದೀಪವಿಲ್ಲದ ಬೈಸಿಕಲ್ಲನ್ನು ಪೋಲೀಸಿನವನು ಹಿಡಿದು ನಿಲ್ಲಿಸುತ್ತಿದ್ದನು. ಒಂದು ಬೈಸಿಕಲ್ಲಿನ ಮೇಲೆ ಇಬ್ಬರು ಕುಳಿತರೂ ಜುಲ್ಮಾನೆ. ಟಯರಿಗೆ ತಾಗಿ ತಿರುಗುವ ಡೈನಮೋವಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಏರುವಾಗ ಮಂಕಾಗಿ ಇಳಿಯುವಾಗ ಧಗ್ಗೆಂದು ಉರಿಯುತ್ತಿದ್ದ ಆ ದೀಪವನ್ನು ನೋಡಿಯೇ ರಸ್ತೆಯ ಏರುತಗ್ಗುಗಳನ್ನು ಹೇಳಬಹುದಾಗಿತ್ತು. ಅವೆಲ್ಲವೂ ಹೋದವು. ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ರಿಫ್ಲೆಕ್ಟರು, ಮುಂದೆ ಬ್ಯಾಟರಿಯ ಸಣ್ಣ ದೀಪ, ಮಳೆಗಾಲದಲ್ಲಿ ಕಪ್ಪು ಕೊಡೆ ಕಪ್ಪು ಕೋಟಿನ ಬದಲು ಹಳದಿಯ ರೇನ್‌ಕೋಟು, ಇಷ್ಟಕ್ಕೆ ಹೆಚ್ಚು ಹಣ ಹಿಡಿಯುವುದಿಲ್ಲ. ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಇಳಿಜಾರಿನಲ್ಲಿ ಬ್ರೇಕು ಹಾಕುವ ವಿದ್ಯೆಯನ್ನಂತೂ ಕೊಡಗಿನ ಹುಡುಗರು ಬಿಡಬೇಕು. ನಾನೂ ಅದರಲ್ಲಿ ನಿಪುಣನೇ ಆಗಿದ್ದೆನೆಂಬುದರಿಂದ ಹೇಳುತ್ತಿದ್ದೇನೆ.

ಈ ಮಾತನ್ನು ಪಾಲಿಬೆಟ್ಟದಲ್ಲಿ ಆಡದೆ ಪಟ್ಟಣದಲ್ಲಿ ಏಕೆ ಆಡುತ್ತಿದ್ದೇನೆಂದು ತಮಗೆ ತೋರಬಹುದು. ಕಾವಲುಗಾರನ ಕಡೆಯಿಂದ ಇಲಾಖೆಗೆ ಅರ್ಜಿ ಹೋಗುವುದಿಲ್ಲ. ತಮ್ಮಲ್ಲಿ ಕೆಲವರಿಗೆ ಆ ಕಡೆ ತೋಟವಿದೆ, ಕೆಲವರಿಗೆ ನೆಂಟರ ಮನೆಯಿದೆ, ಬಹಳ ಮಂದಿ ವರ್ಷಕ್ಕೊಮ್ಮೆಯಾದರೂ ಅಲ್ಲಿಯ ಹಸುರನ್ನು ನೋಡಿಬರುವುದಕ್ಕೆ ಹೋಗುವವರು. ಗ್ರಾಮಸಭೆಯಲ್ಲಿ ಅಂಚಿನ ಮಾತನ್ನು ಎತ್ತುವುದಕ್ಕೂ, ಗುತ್ತಿಗೆಯ ಅಂದಾಜು ಸಿದ್ಧವಾಗುವ ಮುನ್ನ ಎಂಜಿನಿಯರರನ್ನು ಕಂಡು ಮಾತನಾಡುವುದಕ್ಕೂ ತಮಗೆ ಆಗುತ್ತದೆ. ಎಣಿಕೆಯಿಲ್ಲದೆ ಇಲಾಖೆ ಅಲುಗಾಡುವುದಿಲ್ಲವೆಂದರೆ ಹೈಸ್ಕೂಲಿನ ಮಕ್ಕಳಿಂದಲೇ ಒಂದು ವಾರ ಎಣಿಸಿಸಬಹುದು: ಬೈಸಿಕಲ್ಲುಗಳೆಷ್ಟು, ನಡೆಯುವವರೆಷ್ಟು, ಜಗಲಿಯಲ್ಲಿ ನಿಂತುಬಿಟ್ಟ ಬೈಸಿಕಲ್ಲುಗಳೆಷ್ಟು. ಮೂರನೆಯ ಅಂಕಣವನ್ನು ಮರೆಯದೆ ಹಾಕಬೇಕು. ಪುಸ್ತಕದ ಅಳತೆಗೋಲಿನಲ್ಲಿ ಅದಿಲ್ಲ.

ಆ ಕಾವಲುಗಾರನನ್ನು ಮರುವರ್ಷ ಮತ್ತೆ ಕಂಡೆನು. ನಾನು ಒಯ್ದಿದ್ದ ರಿಫ್ಲೆಕ್ಟರಿನ ಪಟ್ಟಿಯನ್ನು ಕೊಟ್ಟೆನು. ಅವನು ಅದನ್ನು ಎರಡು ತುಂಡು ಮಾಡಿ, ಒಂದನ್ನು ಹಿಂದಿನ ಮಡ್‌ಗಾರ್ಡಿಗೆ ಅಂಟಿಸಿ, ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡನು. ಮೊಮ್ಮಗನ ಶಾಲೆಯ ಚೀಲಕ್ಕೆ ಬೇಕೆಂದನು. ನಾವು ನಿಂತು ಮಾತನಾಡುತ್ತಿದ್ದ ತಿರುವಿನಲ್ಲಿ ಹೊಸ ಡಾಂಬರು ಬಿದ್ದಿತ್ತು. ಅಂಚು ಇನ್ನೆರಡು ಬೆರಳು ಎತ್ತರವಾಗಿತ್ತು.